ತಲೆಕೆಳಗಾಗಿ ನಡೆದ ಬೀದಿ

ಬಾಣಂತಿಯ ಕೋಣೆಗೆ ಗಾಳಿಯೂ ಬರಬಾರದು, ಬೆಳಕೂ ಬರಬಾರದು. ಇದು ದುರ್ಗವ್ವನಿಗೆ ಅವಳ ತಾಯಿ ಹೇಳಿಕೊಟ್ಟ ಮಾತು. ಆ ಮಾತನ್ನು ಅವಳು ಕುಷ್ಟಗಿ ಕಡೆಯ ತನ್ನ ಊರಿನಿಂದ ಬಟ್ಟೆಗಂಟಿನ ಜೊತೆಗೇ ಪೀಣ್ಯಕ್ಕೆ ಹೊತ್ತು ತಂದಿದ್ದಳು.

ಮಗಳು ಮಹಾದೇವಿಗೆ ಇದು ಚೊಚ್ಚಲ ಹೆರಿಗೆ. ರೂಢಿಯಂತೆ ತವರಿಗೆ ಕರೆದೊಯ್ಯಬೇಕಿತ್ತು. ಆದರೆ ಕೂಸು ಅವಸರ ಮಾಡಿತು, ತಿಂಗಳು ತುಂಬುವ ಮೊದಲೇ ಬಂದುಬಿಟ್ಟಿತು. ಅಂಗೈಯಗಲದ ಹೆಣ್ಣುಕೂಸು. ತೂಕ ಏರುವ ತನಕ ದೂರದ ಬಸ್ಸು ಹತ್ತಿಸಲೇಬೇಡಿ, ವಾರವಾರ ತಂದು ತೋರಿಸಿ ಎಂದು ಆಸ್ಪತ್ರೆಯ ನರ್ಸಮ್ಮ ಕಡ್ಡಿ ಮುರಿದಂತೆ ಹೇಳಿದ್ದಳು. ಹಾಗಾಗಿ ಮಗಳು ತವರಿಗೆ ಹೋಗುವ ಬದಲು ತವರೇ ಮಗಳ ಬಳಿಗೆ ಬಂತು.

ಅಳಿಯ ಸಿದ್ರಾಮ ಅಲ್ಲೇ ಒಂದು ಕಾರ್ಖಾನೆಯಲ್ಲಿ ಲೇತ್ ಮಷೀನಿನ ಕೆಲಸಕ್ಕೆ ಹೋಗುತ್ತಿದ್ದ. ಈಶ್ವರಮ್ಮನ ವಠಾರದಲ್ಲಿ ಬಾಡಿಗೆಗೆ ಹಿಡಿದ ಒಂದೇ ಕೋಣೆ. ಬೀದಿಗೆ ಮುಖ ಮಾಡಿದ ತಗಡಿನ ಬಾಗಿಲು, ಪಕ್ಕದಲ್ಲಿ ಒಂದು ಕಿಟಕಿ, ಒಳಗೆ ಬಾಗಿಲಿಗೆ ಎದುರಾಗಿ ಸುಣ್ಣ ಬಳಿದ ಗೋಡೆ. ಹೊರಗೆ ಹಗಲೆಲ್ಲ ಮೆಟ್ರೋ ಕಂಬ ಎಬ್ಬಿಸುವವರ ಸದ್ದು. ದುರ್ಗವ್ವ ಬಂದವಳೇ ಕಿಟಕಿ ಮುಚ್ಚಿ ಕಂಬಳಿ ಹೊಚ್ಚಿದಳು, ಬಾಗಿಲ ಕೆಳಗಿನ ಸಂದಿಗೆ ಹಳೇ ಸೀರೆ ತುರುಕಿದಳು. ದೆವ್ವ ಸುಳಿಯದಿರಲೆಂದು ತಲೆದಿಂಬಿನ ಹತ್ತಿರ ಕುಡುಗೋಲು ಇಟ್ಟಳು.

ಮರುದಿನ ಬಿಸಿಲು ಏರುವ ಹೊತ್ತಿಗೆ ಮಹಾದೇವಿ ಚಿಟ್ಟನೆ ಚೀರಿದಳು.

“ಯವ್ವಾ, ಗ್ವಾಡಿ ನೋಡಬೇ!”

ದುರ್ಗವ್ವ ನೋಡಿದಳು. ಸುಣ್ಣದ ಗೋಡೆಯ ಮೇಲೆ ಮಂದಿ ನಡೆಯುತ್ತಿದ್ದರು. ಕಾಲು ಮೇಲೆ, ತಲೆ ಕೆಳಗೆ. ಸಪ್ಪಳವಿಲ್ಲದೆ ಒಬ್ಬರ ಹಿಂದೊಬ್ಬರು ಗೋಡೆಯ ಈ ತುದಿಯಿಂದ ಆ ತುದಿಗೆ ಜಾರಿ ಮಾಯವಾಗುತ್ತಿದ್ದರು. ಮಾಸಲು ಮಾಸಲು ಬಣ್ಣ. ದೆವ್ವಗಳ ಪಾದ ಹಿಂದುಮುಂದಾಗಿರುತ್ತದೆ ಎಂದು ಅವಳು ಕೇಳಿದ್ದಳು. ಕಾಲೇ ಮೇಲಾದವು ಇನ್ನೆಂಥವೋ!

ಗಾಳಿ ಒಳಗೆ ಬಂದಿದೆ, ಎಲ್ಲೋ ಸಂದಿ ಉಳಿದಿದೆ ಎಂದುಕೊಂಡಳು. ಸೂರಿನ ಸಂದಿಗೆ ಗೋಣಿಚೀಲ ತುರುಕಿದಳು. ಕಿಟಕಿಯ ಮೇಲೆ ಇನ್ನೊಂದು ಹೊದಿಕೆ ಹಾಕಿದಳು. ಮಾರನೆಯ ದಿನ ಅವರು ಮತ್ತೆ ಬಂದರು. ಈ ಸಲ ಇನ್ನೂ ನಿಚ್ಚಳವಾಗಿ ಕಂಡರು! ಒಬ್ಬಳ ಕೆಂಪು ಸೀರೆ, ಇನ್ನೊಬ್ಬನ ಹೆಗಲ ಟವೆಲು, ಎಲ್ಲ ಎದ್ದು ಕಾಣುವಂತೆ. ಮುಚ್ಚಿದಷ್ಟೂ ಅವರ ಬಲ ಏರುತ್ತಿತ್ತು.

ಸಿದ್ರಾಮ ಸಂಜೆ ಬಂದು ನೋಡಿದರೆ ಬರೀ ಗೋಡೆ.

“ನಿದ್ದಿಗೆಟ್ಟ ಕಣ್ಣು ಅತ್ತಿ, ಏನೇನೋ ಕಾಣತೈತಿ,” ಎಂದ.

“ನನ್ನ ಕಣ್ಣು ಕೆಟ್ಟಿರಬಹುದು, ನಿಮ್ಮ ಹೆಂಡತಿ ಕಣ್ಣೂ ಕೆಟ್ಟೈತೇನು?” ಎಂದಳು ದುರ್ಗವ್ವ.

ಅಂಜಿಕೆ ಹೊಟ್ಟೆಗೆ ಇಳಿದರೆ ಅನ್ನ ಇಳಿಯುವುದಿಲ್ಲ. ಮಹಾದೇವಿ ಊಟ ಬಿಟ್ಟಳು, ಗೋಡೆಗೆ ಬೆನ್ನು ತಿರುಗಿಸಿ ಮುದುರಿ ಮಲಗಿದಳು. ಎದೆಹಾಲು ಬತ್ತತೊಡಗಿತು. ಕೂಸಿನ ಅಳು ಬೆಕ್ಕಿನ ಮರಿಯ ಅಳುವಿನಷ್ಟು ಸಣ್ಣಗಾಯಿತು. ದುರ್ಗವ್ವ ಗಂಟು ಕಟ್ಟಿದಳು.

“ನಾಳಿ ಮಧ್ಯಾಹ್ನದ ಬಸ್ಸಿಗೆ ಊರಿಗೆ ಹೊಂಡ್ತೀವಿ.”

ಸಿದ್ರಾಮನ ಮುಖ ಕಲ್ಲಾಯಿತು. “ನರ್ಸಮ್ಮ ಏನ್ ಹೇಳ್ಯಾರ, ಮರತ್ರೇನು? ಅಷ್ಟು ದೂರ ಕೂಸು ತಡದೀತೇನ್ರಿ?”

“ಇಲ್ಲಿದ್ರ ತಡದೀತೇನು?”

ಸಿದ್ರಾಮ ಅರ್ಧ ದಿನ ರಜೆ ಕೇಳಿ ಆಟೋ ತರುತ್ತೇನೆ, ಗೊರಗುಂಟೆಪಾಳ್ಯದಲ್ಲಿ ಬಸ್ಸಿಗೆ ಬಿಟ್ಟು ಬರುತ್ತೇನೆ ಎಂದಷ್ಟೇ ಹೇಳಿ ಮಗ್ಗುಲಾದ. ದುರ್ಗವ್ವನ ಕಣ್ಣಿಗೆ ಅವನು ಒರಟನಾಗಿ ಕಂಡ. ಎರಡು ಮಾತು ಸಮಾಧಾನ ಹೇಳದ ಗಂಡ!

ಬೆಳಗ್ಗೆ ಸುದ್ದಿ ಕೇಳಿ ಮನೆಯೊಡತಿ ಈಶ್ವರಮ್ಮ ಬಾಗಿಲು ತಳ್ಳಿಕೊಂಡೇ ಬಂದಳು. ಅವಳು ಈ ಮಣ್ಣಿನಲ್ಲಿ ರಾಗಿ ಬೆಳೆದವರ ಸೊಸೆ.

“ಅದ್ಯಾವ್ ದೆವ್ವನಮ್ಮಾ ನನ್ ಮನೇಲಿ? ಎಷ್ಟ್ ಜನ ಇದ್ ವೋದ್ರು ಈ ರೂಮಲ್ಲಿ, ಒಬ್ರಾದ್ರೂ ಇಂಗಂದ್ರಾ? ಬೀದಿಗೆಲ್ಲ ಸಾರ್ಬಿಟ್ರೆ ನಾಳೆ ಯಾರ್ ಬತ್ತಾರೆ ಬಾಡ್ಗೆಗೆ?”

“ನಿಮ್ಮ ಮನಿ ಹೆಸರು ನಿಮಗ ಇರ್ಲಿರಿ. ನನಗ ನನ್ನ ಕೂಸು ಉಳಿಬೇಕು.”

“ಸರಿ, ನಾನೂ ಕುಂತ್ಕೋತೀನಿ. ಬರ್ಲಿ ನೋಡಾನ ನಿನ್ ದೆವ್ವ,” ಎಂದು ಈಶ್ವರಮ್ಮ ಬಾಗಿಲು ಹಾಕಿ ಅಲ್ಲೇ ಕಾಲು ಚಾಚಿದಳು.

ದುರ್ಗವ್ವ ಹೊರಡುವ ಮುಂಚೆ ಕೂಸಿಗೆ ನೀರೆರೆದಳು. ಕೆಂಡಕ್ಕೆ ಲೋಬಾನ ಹಾಕಿ ಹೊಗೆ ಎಬ್ಬಿಸಿದಳು. ಹೊಗೆಗೆ ಅಂಜಿಯಾದರೂ ಬಿಟ್ಟು ಹೋಗಲಿ ಎಂದು ಎಂದಿಗಿಂತ ಒಂದು ಹಿಡಿ ಜಾಸ್ತಿ. ಕೋಣೆಯೆಲ್ಲ ಮಂಜು ಕವಿಯಿತು. ಅಷ್ಟರಲ್ಲಿ ಗೋಡೆಯ ಮೇಲೆ ಅವರು ಬಂದರು.

“ಅಯ್ಯೋ ನಮ್ಮಪ್ಪಾ!” ಎಂದು ಈಶ್ವರಮ್ಮ ಚಾಚಿದ ಕಾಲು ಎಳೆದುಕೊಂಡಳು.

ಆದರೆ ದುರ್ಗವ್ವ ಈಗ ಗೋಡೆಯನ್ನು ನೋಡುತ್ತಿರಲಿಲ್ಲ. ಅವಳು ಹೊಗೆಯನ್ನು ನೋಡುತ್ತಿದ್ದಳು. ಹೊಗೆಯ ನಡುವೆ ತೆಳ್ಳಗೆ ಬೆಳಕಿನ ಒಂದು ಮೊರ ತೇಲುತ್ತಿತ್ತು. ಗೋಡೆಯ ಕಡೆ ಅಗಲ, ಬಾಗಿಲ ಕಡೆ ಬರುಬರುತ್ತ ಇಕ್ಕಟ್ಟು. ಅದರ ತುದಿ ಹಿಡಿದು ಹೋದರೆ ತಗಡಿನಲ್ಲಿ ಒಂದು ತೂತು. ಹಳೆಯ ಚಿಲಕದ ಮೊಳೆ ಬಿದ್ದು ಹೋದ ಜಾಗ. ಜೋಳದ ಕಾಳಿನಷ್ಟು. ಅಷ್ಟೆಲ್ಲ ಸಂದಿ ಮುಚ್ಚಿದವಳ ಕಣ್ಣಿಗೆ ಅದು ಬಿದ್ದಿರಲಿಲ್ಲ.

ಮುಚ್ಚಲೆಂದು ಅಂಗೈ ಒಡ್ಡಿದಳು. ಅಂಗೈ ಮೇಲೆಯೇ ಒಬ್ಬಳು ನಡೆದು ಹೋದಳು! ಇರುವೆಯಷ್ಟು ಸಣ್ಣ ಹೆಂಗಸು, ತಲೆಕೆಳಗು, ಕಂಕುಳಲ್ಲಿ ಹಸಿರು ಕೊಡ. ಅದೇ ಗಳಿಗೆಗೆ ಬಾಗಿಲ ಹೊರಗೆ ನೆರೆಮನೆಯ ಗಂಗಮ್ಮನ ಗಂಟಲು ಕೇಳಿಸಿತು: “ಟ್ಯಾಂಕರ್ ಬಂತು ಕಣ್ರೇ, ಕೊಡ ತಗಂಡ್ ಬನ್ನಿ!”

ದುರ್ಗವ್ವ ಹೆಬ್ಬೆರಳಿನಿಂದ ತೂತು ಮುಚ್ಚಿದಳು.

“ಹೋದ್ರು ಯವ್ವಾ!” ಎಂದಳು ಮಹಾದೇವಿ.

ಬೆರಳು ತೆಗೆದಳು.

“ಬಂದ್ರು!”

“ಇವು ದೆವ್ವಲ್ಲವ್ವ,” ಎಂದಳು ದುರ್ಗವ್ವ. “ನೀರಿಗೆ ಹೊಂಟ ಮಂದಿ.”

“ಮತ್ತ ತೆಳಗ ತೆಲಿ ಯಾಕ?”

ಅದು ದುರ್ಗವ್ವನಿಗೂ ತಿಳಿಯದು. ಅವಳು ಬಾಗಿಲ ತೂತಿಗೆ ಕಣ್ಣು ಹಚ್ಚಿದಳು. ಕರೆಂಟು ಕಂಬದ ತುದಿ ಕಾಣಬೇಕಾದರೆ ಮೊಳಕಾಲು ಬಗ್ಗಿಸಿ ತಲೆ ತಗ್ಗಿಸಬೇಕು. ಬೀದಿಯ ಮಣ್ಣು ಕಾಣಬೇಕಾದರೆ ತುದಿಗಾಲಲ್ಲಿ ನಿಂತು ಮೇಲಿಂದ ಇಣುಕಬೇಕು. ಹಾಗೇ ಬಗ್ಗುತ್ತ ಏಳುತ್ತ ಸುಮಾರು ಹೊತ್ತು ನೋಡಿದಳು.

“ಏನಮ್ಮಾ, ಬಸ್ಕಿ ವೊಡೀತಿದ್ದೀಯಾ?” ಎಂದಳು ಈಶ್ವರಮ್ಮ.

“ಮ್ಯಾಲಿಂದು ಕಾಣಾಕ ನಾ ತೆಳಗ ಬರ್ಬೇಕ್ರಿ. ತೆಳಗಿಂದು ಕಾಣಾಕ ಮ್ಯಾಲ ಏಳ್ಬೇಕು. ಅಂದ್ರ ಮ್ಯಾಲಿನ ಬೆಳಕು ನೆಟ್ಟಗ ತೂತಿನಾಗ ಹಾಯ್ದು ತೆಳಗ ಬಂದು ಬೀಳತೈತಿ. ಕಾಲಿಂದು ಮ್ಯಾಲ ಏರತೈತಿ. ಇಷ್ಟ ತೂತಿನಾಗ ಎಲ್ಲಾ ಬೆಳಕು ದಾರಿ ಅದಲುಬದಲು ಮಾಡಿ ಒಳಗ ಬರ್ತೈತ್ರಿ. ತೂತಿನ ಹತ್ರ ನನ್ನ ಅಂಗೈಯಷ್ಟ, ಗ್ವಾಡಿಗೆ ಹೋಗೂದ್ರಾಗ ಹರವಿಕೊಂಡು ದೊಡ್ಡದು.”

“ಅಂಗಾದ್ರೆ ಬೇರೆಯೋರ್ಗೆ ಯಾಕ್ ಕಾಣ್ಲಿಲ್ಲ?”

“ಅವ್ರು ಕಿಡಕಿ ತಗದಿದ್ರು. ಹಗಲ ಹೊತ್ತಿನ್ಯಾಗ ದೀಪ ಕಾಣತಾವೇನ್ರಿ? ಕತ್ತಲಿ ಮಾಡಿದಾಕಿ ನಾನ ಅಲ್ಲೇನು.”

ಈಶ್ವರಮ್ಮನಿಗೆ ಪೂರಾ ನಂಬಿಕೆ ಬರಲಿಲ್ಲ. “ತಡಿ, ನಾನೇ ವೋಗ್ ನಿಂತ್ಕೋತೀನಿ,” ಎಂದು ಹೊರಗೆ ಹೋಗಿ ಬಾಗಿಲು ಎಳೆದುಕೊಂಡಳು. ಗೋಡೆಯ ಮೇಲೆ ದುಂಡಗಿನ ಈಶ್ವರಮ್ಮ ತಲೆಕೆಳಗಾಗಿ ಬಂದು ನಿಂತು ಕೈ ಬೀಸಿದಳು.

“ಕಾಣ್ತೀನಾ? ತಲೆಕೆಳ್ಗಾಗಿದ್ದೀನಾ?”

“ಹೂಂ ರೀ!”

“ಅಯ್ಯೋ, ಸೀರೆ?”

“ಸೀರಿ ಜಾರಿಲ್ರಿ!” ಎಂದು ಮಹಾದೇವಿ ನಕ್ಕಳು. ಹೊಟ್ಟೆ ನೋಯುವ ಹಾಗೆ, ಕೂಸು ಬೆಚ್ಚಿ ಏಳುವ ಹಾಗೆ ನಕ್ಕಳು. ಈಶ್ವರಮ್ಮ ತನ್ನ ಮನೆಗೆ ಹೋದಮೇಲೆ ತಾನಾಗಿಯೇ ಗಂಜಿ ಕೇಳಿದಳು. ಗಂಜಿ ಕುಡಿದು, ಕೂಸಿಗೆ ಎದೆ ಕೊಟ್ಟುಕೊಂಡು, ಗೋಡೆಗೆ ಮುಖ ಮಾಡಿ ಕುಳಿತಳು. ಆಸ್ಪತ್ರೆಯಿಂದ ಬಂದಂದಿನಿಂದ ಹೊರಗಿನ ಮುಖ ಕಾಣದವಳಿಗೆ ಬೀದಿಯೇ ಒಳಗೆ ಬಂದಿತ್ತು. ಸೊಪ್ಪಿನವಳ ಗಾಡಿ, ನಾಯಿ, ಹಗ್ಗದ ಮೇಲೆ ಒಣಗುವ ಬಟ್ಟೆ.

ನಡುಹಗಲಿಗೆ ಗೋಡೆಯ ಮೇಲೆ ಆಟೋ ಬಂದು ನಿಂತಿತು. ಅದರಿಂದ ಸಿದ್ರಾಮ ಇಳಿದ.

ಅವನು ಒಳಗೆ ಬರಲಿಲ್ಲ. ಬಾಗಿಲ ಎದುರು ನಿಂತ. ಒಳಗಿನವರು ನೋಡುತ್ತಿದ್ದಾರೆಂದು ಅವನಿಗೇನು ಗೊತ್ತು? ಮೊದಲು ಅಂಗಿಯ ತೋಳಿನಿಂದ ಒಂದು ಕಣ್ಣು ಒರೆಸಿಕೊಂಡ, ಆಮೇಲೆ ಇನ್ನೊಂದು. ಎರಡು ಕೈಯಿಂದಲೂ ಮುಖ ಮುಚ್ಚಿಕೊಂಡು ಹಾಗೇ ನಿಂತ. ಭುಜ ಅಲುಗುತ್ತಿತ್ತು. ಸ್ವಲ್ಪ ಹೊತ್ತಿಗೆ ಕೂದಲು ಸವರಿಕೊಂಡು, ಬೆನ್ನು ನೆಟ್ಟಗೆ ಮಾಡಿದ.

ತಾಯಿ ಮಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ದುರ್ಗವ್ವ ತುಟಿಯ ಮೇಲೆ ಬೆರಳಿಟ್ಟಳು: ಹೇಳಬೇಡ.

ಬಾಗಿಲು ತೆರೆಯಿತು. ಬಿಸಿಲು ನುಗ್ಗಿ ಗೋಡೆ ಬರಿದಾಯಿತು. ಹೊಸ್ತಿಲಲ್ಲಿ ಅದೇ ಕಲ್ಲುಮುಖದ ಸಿದ್ರಾಮ.

“ಆಟೋ ಬಂತು ಅತ್ತಿ. ಗಂಟು ಎಲ್ಲೈತ್ರಿ?”

ದುರ್ಗವ್ವ ಎದ್ದು ಗಂಟನ್ನು ತನ್ನ ಕಡೆ ಎಳೆದುಕೊಂಡು ಬಿಚ್ಚತೊಡಗಿದಳು.

“ಆ ಆಟೋದಂವಗ ಹೋಗಂತ ಹೇಳ್ರಿ. ನಿಮ್ಮ ಮಗಳು ಹಾಲು ಕುಡ್ಯಾಕತ್ತಾಳ. ಆಮ್ಯಾಲ ಕೈಕಾಲು ತೊಳಕೊಂಡು ಬರ್ರಿ ಯಪ್ಪಾ, ರೊಟ್ಟಿ ಬಡೀತೀನಿ.”