ಜುಟ್ಟಿಲ್ಲದ ಪಿಕಳಾರ

ಕುಮಟಾದ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವ ಸ್ಮೃತಿಗೆ ಮೇ ತಿಂಗಳಲ್ಲಿ ಅರಣ್ಯ ಇಲಾಖೆಯಿಂದ ಒಂದು ಕೆಲಸ ಬಂತು. ಯಾಣದ ಕಡೆಯ ಕಾಡುದಾರಿ ಅಗಲವಾಗುವ ಮೊದಲು ಅಲ್ಲಿನ ಹಕ್ಕಿಗಳ ಪಟ್ಟಿ ಮಾಡಿಕೊಡಬೇಕಿತ್ತು. ಜೊತೆಗೆ ಬಂದವಳು ಕತಗಾಲದ ದುರ್ಗಮ್ಮ. ಬಿದಿರು ತಂದು ಬುಟ್ಟಿ ಹೆಣೆಯುವ ಅವಳಿಗೆ ಆ ಕಾಡೆಲ್ಲ ಪರಿಚಯ.

ಮೂರನೆಯ ಸಂಜೆ ಹಳ್ಳದ ಪಕ್ಕದ ಬಿದಿರುಮೆಳೆಯಲ್ಲಿ ದುರ್ಗಮ್ಮ ಗೂಡೊಂದನ್ನು ತೋರಿಸಿದಳು.

“ಅಕ್ಕೋರೆ, ಇದು ನಮ್ಮ ಅಂಗಳಕ್ಕೆ ಬರೂ ಪಿಕಳಾರ ಅಲ್ಲ. ಜುಟ್ಟಿಲ್ಲ, ಕಣ್ಣು ಬೆಳ್ಳಗೆ. ಮೆಳೆ ಬಿಟ್ಟು ಎಲ್ಲೂ ಹೋಗೂದಿಲ್ಲ.”

ಸೆಕೆಗೆ ಸ್ಮೃತಿಯ ತಲೆ ಸಿಡಿಯುತ್ತಿತ್ತು, ಕೊನೆಯ ಬಸ್ಸಿಗೆ ಹೊತ್ತಾಗಿತ್ತು. ಎರಡು ಫೋಟೊ ತೆಗೆದು, “ಆತು, ಎಲ್ಲಾ ಪಿಕಳಾರವೇ,” ಎಂದು ಹೊರಟೇಬಿಟ್ಟಳು. ಪಟ್ಟಿಯಲ್ಲಿ ‘ಪಿಕಳಾರ, ಸಾಮಾನ್ಯ’ ಎಂದು ಬರೆದಳು.

ಜೂನ್‌ನಲ್ಲಿ ತರಗತಿಗೆ ಚಿತ್ರ ಆರಿಸುವಾಗ ಆ ಫೋಟೊ ಎದುರಾಯಿತು. ಬೂದುತಲೆ ಪಿಕಳಾರ! ಕೆಮ್ಮೀಸೆಯ ಪಿಕಳಾರವಾದರೆ ಪೇಟೆಯ ತಂತಿಯ ಮೇಲೂ ಹಾಡಿಕೊಂಡು ಬದುಕುತ್ತದೆ. ಅದರ ಈ ದಾಯಾದಿಗೆ ಪಶ್ಚಿಮಘಟ್ಟದ ಕಾಡು ಬಿಟ್ಟರೆ ನೆಲೆಯಿಲ್ಲ, ಅಪಾಯದ ಅಂಚಿಗೆ ಬಂದು ನಿಂತ ಹಕ್ಕಿ. ವರ್ಷ ವರ್ಷ ಇದನ್ನೇ ಪಾಠ ಮಾಡುವವಳು ತಾನು.

ಮರುದಿನ ಬೆಳಿಗ್ಗೆಯೇ ಹಳ್ಳದ ಕಡೆ ಓಡಿದಳು. ಮೆಳೆಯಿದ್ದಲ್ಲಿ ಕೆಂಪು ಮಣ್ಣು, ಜೆಸಿಬಿಯ ಗುರುತು.

“ಮಳೆ ಹಿಡಿಯೂದ್ರೊಳಗೆ ಕಡಿದ್ರು,” ಎಂದಳು ಬಿದಿರು ತರಲು ಬಂದಿದ್ದ ದುರ್ಗಮ್ಮ. “ಗೂಡಲ್ಲಿ ಮರಿ ಇತ್ತು. ಅಕ್ಕೋರು ಬರೆದಿದಾರೆ, ನಿಲ್ಲಿಸ್ತಾರೆ ಅಂತ ನಾ ಸುಮ್ನಿದ್ದೆ.”

“ನಾ ಬರೀಲಿಲ್ಲ ದುರ್ಗಮ್ಮ. ನೀವು ಹೇಳಿದ್ರೂ ಬರೀಲಿಲ್ಲ.”

ದುರ್ಗಮ್ಮ ಕೆದರಿದ ಮಣ್ಣಿನಿಂದ ಒಂದು ಬಿದಿರಿನ ಚೂರು ಎತ್ತಿಕೊಂಡಳು. ಆಮೇಲೆ, “ಹಳ್ಳದಾಚೆ ಇನ್ನೊಂದು ಮೆಳೆ ಅದೆ, ಅಲ್ಲೂ ಈ ಹಕ್ಕಿ ಅದಾವೆ. ಅದನ್ನಾದ್ರೂ ಬರೀರಿ,” ಎಂದಳು.

ಸ್ಮೃತಿ ಆ ದಿನವೇ ಇಲಾಖೆಗೆ ತಿದ್ದುಪಡಿ ಪತ್ರ ಬರೆದಳು. ವಿಭಾಗದ ಮುಖ್ಯಸ್ಥ ಭಾಸ್ಕರ ಸರ್ ಓದಿ, “ಟೈಪಿಂಗ್ ತಪ್ಪು ಅಂದ್ರೆ ಸಾಕಲ್ಲ? ನಿಮ್ಮ ಹೆಸರು ಎಂತಕ್ಕೆ ಕೆಡಿಸ್ಕೊಳ್ತೀರಿ?” ಎಂದರು. ಅವಳು ಒಪ್ಪಲಿಲ್ಲ. ‘ಸ್ಥಳೀಯರಾದ ದುರ್ಗಮ್ಮ ತೋರಿಸಿದ್ದರೂ ನಾನು ಕಡೆಗಣಿಸಿದೆ’ ಎಂಬ ಸಾಲನ್ನು ಹಾಗೇ ಇಟ್ಟು ಕಳಿಸಿದಳು.

ಅಧಿಕಾರಿಗಳು ಬಂದು ನೋಡಿದರು. ರಸ್ತೆಯನ್ನು ಹಳ್ಳದ ಈಚೆಗೇ ತಿರುಗಿಸಿದ್ದರಿಂದ ಆಚೆಯ ಮೆಳೆ ಉಳಿಯಿತು. ಕಾಲೇಜಿನಲ್ಲಿ ಎಲ್ಲರೂ ಸ್ಮೃತಿಯನ್ನು ಹೊಗಳಿದರು, ಸನ್ಮಾನದ ಮಾತೂ ಎದ್ದಿತು. ಅವಳು, “ಮರಿಗಳಿದ್ದ ಮೆಳೆ ಹೋಗಿದ್ದು ನನ್ನಿಂದಲೇ, ಸನ್ಮಾನ ಬೇಡ,” ಎಂದು ಕೈಮುಗಿದು, ಅರ್ಧ ದಿನ ರಜೆ ಹಾಕಿ ಮನೆಗೆ ನಡೆದಳು.