ಕೊನೆಗೆ ಬರೆಯುವ ಕಣ್ಣು

ನಮ್ಮವರು ಸುರಪುರದ ಚಿತ್ರಗಾರ ಅಂಬ್ರಪ್ಪ. ಕಾಲುವೆ ಬಂದ ಮೇಲೆ ಅವರಿಗೆ ಕೈತುಂಬ ಕೆಲಸ. ಅದಕ್ಕೂ ಮೊದಲು ಯುದ್ಧದ ಚಿತ್ರ ಯಾರಿಗೆ ಬೇಕಿತ್ತು? ನಾರಾಯಣಪುರದ ನೀರು ಹರಿದು ಜೋಳದ ಹೊಲದಲ್ಲಿ ಭತ್ತ ನಿಂತಿತು, ಭತ್ತದ ಹಿಂದೆಯೇ ಹೊಸ ಮನೆಗಳೆದ್ದವು, ಆಮೇಲೆ ಎಲ್ಲರಿಗೂ ಗೋಡೆ ಖಾಲಿ ಕಾಣತೊಡಗಿತು. ಅಜ್ಜ ಕುರಿ ಕಾಯ್ದಿದ್ದರೂ ಸರಿ, ಮೊಮ್ಮಗನ ಪಡಸಾಲೆಯಲ್ಲಿ ಕುದುರೆ, ಕತ್ತಿ, ತೋಪು ಇರಲೇಬೇಕು. ನಾನು ನಕ್ಕರೆ ನಮ್ಮವರು, "ನಗಬ್ಯಾಡ ತಿಮ್ಮವ್ವ, ಅದರಾಗ ನಮ್ಮ ರೊಟ್ಟಿ ಐತಿ" ಎನ್ನುತ್ತಿದ್ದರು.

ಮೂಲ ಚಿತ್ರ ಇದ್ದದ್ದು ಒಂದು ಹಳೆಯ ವಾಡೆಯ ಗೋಡೆಯ ಮೇಲೆ. ಸುರಪುರದ ದಂಡು ಏರಿಹೋಗುವ ಚಿತ್ರ. ಅದನ್ನು ಮನೆಗಳಿಗೆ ನಕಲು ಮಾಡುವಾಗ ನಮ್ಮವರು ಬಿದ್ದವರನ್ನು ಬರೆಯುತ್ತಿರಲಿಲ್ಲ. ಬಾಳುವ ಮನೆಯಲ್ಲಿ ಹೆಣ ತೂಗುಹಾಕಬಾರದು ಅಂತ ಆ ಜಾಗದಲ್ಲಿ ಹುಲ್ಲು ಬರೆಯುತ್ತಿದ್ದರು. ಕಣ್ಣು ಮಾತ್ರ ಎಲ್ಲಕ್ಕಿಂತ ಕೊನೆಗೆ. ಅದನ್ನು ಚಿತ್ರ ತೂಗುವ ಮನೆಯಲ್ಲೇ, ಮನೆಯವರ ಮುಂದೆ ಕೂತು ಬರೆಯಬೇಕು. ಅದು ಅವರಪ್ಪನಿಂದ ಬಂದ ಪದ್ಧತಿ.

ಶಹಾಪುರದ ಕಡೆಯ ಜಗದೇವಪ್ಪ ಗೌಡರು ಬೇಸಿಗೆಯಲ್ಲಿ ಒಂದು ಚಿತ್ರ ಹೇಳಿಹೋಗಿದ್ದರು. ಮಳೆಗಾಲದಲ್ಲಿ ಅವರ ಒಬ್ಬನೇ ಮಗ ಲಿಂಗಣ್ಣ ಕಾಲುವೆಯಲ್ಲಿ ಕಾಲು ತೊಳೆಯಲು ಇಳಿದವನು ಜಾರಿ ನೀರುಪಾಲಾದ. ಇನ್ನು ಅವರಿಗೆ ಯಾವ ಚಿತ್ರ ಎಂದು ನಾವು ಸುಮ್ಮನಿದ್ದೆವು. ಒಂದು ದಿನ ಹುಡುಗನ ತಾಯಿ ಗೊಲ್ಲಾಳಮ್ಮ ಒಬ್ಬರೇ ಬಸ್ಸು ಹಿಡಿದು ನಮ್ಮ ಮನೆಗೆ ಬಂದರು.

"ಚಿತ್ರ ಬೇಕ್ರಿ. ನಡುವಿನ ಕುದುರಿ ಮ್ಯಾಲ ನನ್ನ ಮಗನ ಮಾರಿ ಬರೀಬೇಕು."

"ಅವನ ಫೋಟೋ ಐತೇನ್ರಿ?" ಎಂದು ನಮ್ಮವರು ಕೇಳಿದರು.

"ಇದ್ದದ್ದು ಒಂದ. ಅವನ ಕಿಸೇದಾಗಿತ್ತು. ನೀರಾಗ ಅದೂ ಹೋತು."

ಹುಡುಗನನ್ನು ನಾವು ಕಂಡವರಲ್ಲ. ನಮ್ಮವರು ಪಾಟಿ ಹಿಡಿದು ಕೂತರು. ಆಕೆ ಹೇಳುತ್ತ ಹೋದರು, ಇವರು ಬರೆದು ಅಳಿಸುತ್ತ ಹೋದರು. "ಮೂಗು ಹಂಗಲ್ರಿ, ಅವರಪ್ಪನ ಮೂಗು, ತುಸು ಡೊಂಕು. ಕಿವಿ ಇನ್ನಾ ದೊಡ್ಡವು." ಸಂಜೆಯ ಹೊತ್ತಿಗೆ ಮುಖ ಮೂಡಿತು. ಆಕೆ ಗದ್ದ ಮುಟ್ಟಿದರು, ಬಳಪ ಬೆರಳಿಗೆ ಹತ್ತಿತು. ಅದನ್ನು ಒರೆಸಿಕೊಳ್ಳದೆ ಸೆರಗಿನಲ್ಲಿ ಬೆರಳು ಸುತ್ತಿಕೊಂಡು ಹೋದರು. ಕಣ್ಣಿನ ಮಾತು ಮಾತ್ರ ಯಾರೂ ಎತ್ತಲಿಲ್ಲ. ಅದು ಕೊನೆಯದಲ್ಲವೇ!

ಕಣ್ಣು ಬರೆಯುವ ದಿನ ಬಣ್ಣದ ಪೆಟ್ಟಿಗೆ ಹೊತ್ತು ನಾನೂ ಹೋದೆ. ಗೊಲ್ಲಾಳಮ್ಮ ಮಿಂದು ದೀಪ ಹಚ್ಚಿದ್ದರು. ಗಂಡನಿಗೆ ಅವರು ಏನೂ ಹೇಳಿರಲಿಲ್ಲ. ಚಿತ್ರದ ಮೇಲಿನ ಬಟ್ಟೆ ಸರಿಸಿದಾಗ ಗೌಡರು ನಡುವಿನ ಸವಾರನನ್ನು ನೋಡಿ ನಿಂತಲ್ಲೇ ನೆಲಕ್ಕೆ ಕೂತರು. ನಮ್ಮವರು ಒಬ್ಬೊಬ್ಬ ಸೈನಿಕನ ಕಣ್ಣು ಬರೆದರು, ಕುದುರೆಗಳ ಕಣ್ಣೂ ಬರೆದರು. ಉಳಿದವನು ಅವನೊಬ್ಬನೇ.

"ಅಕ್ಕಾರ, ಹುಡುಗನ ಕಣ್ಣು ಹೆಂಗಿದ್ವು?"

"ದೊಡ್ಡವು..." ಎಂದರು ಗೊಲ್ಲಾಳಮ್ಮ. "ಅಲ್ಲ... ತಡೀರಿ." ಕಣ್ಣು ಮುಚ್ಚಿದರು, ತೆರೆದರು. ಗಂಡನ ಕಡೆ ನೋಡಿದರು. ಆಮೇಲೆ ಹಣೆ ಬಡಿದುಕೊಂಡರು. "ಮುಚ್ಚಿದ್ವ ಕಾಣ್ತಾವ್ರೀ! ಕಾಲುವಿಯಿಂದ ಎತ್ತಿದಾಗ ನೋಡಿದ್ನಲ್ಲ, ಅವ ಕಣ್ಣು. ಹಿಂದಿನವು ಬರವಲ್ವು. ಹಡದ ತಾಯಿ ನಾ, ಮಗನ ಕಣ್ಣು ಮರ್ತೀನಿ!"

ನಾನು ತಡೆಯಲಾರದೆ ಬಾಯಿ ಹಾಕಿದೆ. "ಯಾವುದಾರ ಕಣ್ಣು ಬರೀರಿ, ಆ ಜೀವಕ್ಕ ಸಮಾಧಾನ ಆಗ್ಲಿ."

"ಬ್ಯಾರೆಯವರ ಕಣ್ಣಿಟ್ರ ಬ್ಯಾರೆಯಾಂವನ ಆಗ್ತಾನ" ಎಂದು ನಮ್ಮವರು ಕುಂಚ ಕೆಳಗಿಟ್ಟರು. ಕಣ್ಣು ಬರೆಯದೆ ಎದ್ದುಬರುವ ಹಾಗೂ ಇರಲಿಲ್ಲ.

ನೆಲಕ್ಕೆ ಕೂತಿದ್ದ ಗೌಡರು ಎದ್ದು ಚಿತ್ರದ ಹತ್ತಿರ ಬಂದರು. "ಹೊಲದಿಂದ ಬರುವಾಗ ಬಂಡ್ಯಾಗ ಕುಂತಲ್ಲೇ ನಿದ್ದಿ ಹೋಗ್ತಿದ್ದ. ಮನಿ ಬಂದ್ರೂ ಎಚ್ಚರ ಆಗ್ತಿದ್ದಿಲ್ಲ. ಹಂಗ ಬರಿ, ಅಂಬ್ರಪ್ಪ."

ನಮ್ಮವರು ತೆಳ್ಳಗೆ ಎರಡು ರೆಪ್ಪೆ ಎಳೆದರು. ಓಡುವ ಕುದುರೆಯ ಮೇಲೆ ಹುಡುಗ ನಿದ್ದೆ ಹೋದ.

ಊರ ಬಾಯಿಗೆ ಬೀಗ ಹಾಕಲಾದೀತೇ? ಅಂಬ್ರಪ್ಪನಿಗೆ ವಯಸ್ಸಾಯಿತು, ನಡುವಿನವನ ಕಣ್ಣು ಬರೆಯಲು ಮರೆತ ಎಂದು ಆಡಿಕೊಂಡರು. ಕೆಲಸವೂ ಕಮ್ಮಿಯಾಯಿತು. ನನಗೆ ಮೈಯೆಲ್ಲ ಉರಿಯುತ್ತಿತ್ತು, ನಮ್ಮವರು ಮಾತ್ರ ಒಬ್ಬರಿಗೂ ನಿಜ ಹೇಳಲಿಲ್ಲ.

ಮರುವರ್ಷ ದಸರೆಗೆ ಗೌಡರ ಮನೆಗೆ ಬನ್ನಿ ಕೊಡಲು ಹೋಗಿದ್ದೆವು. ಬಂದವರಲ್ಲಿ ಒಬ್ಬ ಗುತ್ತಿಗೆದಾರ ಚಿತ್ರ ನೋಡಿ ಗಹಗಹಿಸಿ ನಕ್ಕ. "ಏನ್ರೀ ಗೌಡ್ರ, ನಿಮ್ಮ ಸರದಾರ ಕಣ್ಣ ಮುಚ್ಯಾನಲ್ರೀ! ಯುದ್ಧ ಗೆದ್ದಂಗ!"

ನಾನು ಜಗಳಕ್ಕೆ ಎದ್ದೆ. ಅಷ್ಟರಲ್ಲಿ ಗೌಡರು ಅವನ ತೋಳು ಹಿಡಿದುಕೊಂಡರು.

"ಸಣ್ಣಗ ಮಾತಾಡ್ರಿ. ಹುಡುಗ ಮಲಗ್ಯಾನ."

ಒಳಗಿನಿಂದ ಚಹಾ ತಂದ ಗೊಲ್ಲಾಳಮ್ಮ ಕಪ್ಪು-ಬಸಿಗಳನ್ನು ಸಪ್ಪಳವಾಗದಂತೆ ಒಂದೊಂದಾಗಿ ಕೆಳಗಿಟ್ಟರು.