ಮೂರು ಸಲ ದಾನವಾದ ಗಾಲಿಕುರ್ಚಿ

ನಾನು ಗಾಲಿಕುರ್ಚಿ. ಹುಬ್ಬಳ್ಳಿಯ ಒಂದು ಶೆಡ್ಡಿನಲ್ಲಿ ಕೊಳವೆ ಬಗ್ಗಿಸಿ, ಬೆಸುಗೆ ಹಾಕಿ, ನೀಲಿ ರೆಕ್ಸಿನ್ ಹೊದಿಸಿ ನನ್ನನ್ನು ಮಾಡಿದರು. ನಡೆಯಲಾಗದವರನ್ನು ಹೊತ್ತು ಸಾಗುವುದು ನನ್ನ ಕೆಲಸ. ಎರಡು ವರ್ಷ ಆ ಕೆಲಸವನ್ನು ನನಗೆ ಮಾಡಗೊಡಲಿಲ್ಲ.

ಸಿಂಧನೂರಿನ ಹತ್ತಿರದ ಪುನರ್ವಸತಿ ಕ್ಯಾಂಪೊಂದರಲ್ಲಿ ಪೂರ್ವ ಬಂಗಾಳದಿಂದ ಓಡಿಬಂದವರೂ ಬರ್ಮಾದಿಂದ ಮರಳಿದ ತಮಿಳರೂ ಅಕ್ಕಪಕ್ಕ ನೆಲೆಸಿದ್ದಾರೆ. ಅವರಲ್ಲಿ ವಯಸ್ಸಾದವರಿಗೆಂದು ಒಂದು ಟ್ರಸ್ಟ್ ‘ಹಿರಿಯರ ಕೂಟ’ ನಡೆಸುತ್ತದೆ. ಬೆಳಿಗ್ಗೆ ಚಹಾ, ಬಿಪಿ ನೋಡುವ ನರ್ಸ್, ಆಮೇಲೆ ಇಸ್ಪೀಟು. ಚಾರುಬಾಲಾ ಮಂಡಲ್ ಎಂಬ ಬಂಗಾಳಿ ಅಜ್ಜಿಗೆ ಆಟದ ಜೋಡಿ ಬರ್ಮಾದ ಪೆರಿಯಸಾಮಿ. ಇಬ್ಬರಿಗೂ ಸಾಮಾನ್ಯವಾದ ಭಾಷೆ ರಾಯಚೂರು ಕಡೆಯ ಕನ್ನಡ. ಮಂಡಿ ಕೈಕೊಟ್ಟ ಮೇಲೆ ಚಾರುಬಾಲಾಗೆ ಕೂಟಕ್ಕೆ ಬರಲಾಗಲಿಲ್ಲ. ಮನೆಯವರೆಲ್ಲ ಗದ್ದೆಗೆ ಹೋದರೆ ಸಂಜೆಯ ತನಕ ಮಾತಿಗೆ ಗೋಡೆಯೇ ಗತಿ. ಅದಕ್ಕೆಂದೇ ನನ್ನನ್ನು ತರಿಸಿದರು.

ಅಜ್ಜಿಯನ್ನು ನನ್ನ ಮೇಲೆ ಕೂರಿಸಿ ಹಾರ, ಭಾಷಣ, ಫೋಟೋ ಎಲ್ಲ ಆಯಿತು. ದಾನಿಯ ಕಾರು ತಿರುವು ದಾಟಿದ್ದೇ ತಡ, ಟ್ರಸ್ಟಿನ ಕಾರ್ಯದರ್ಶಿ ಶೇಖರಗೌಡ ಆಕೆಯನ್ನು ಎಬ್ಬಿಸಿದ.

“ಧೂಳಿನಾಗ ಹಾಳಾಗತೈತಬೇ, ಇಲ್ಲೇ ಇರ್ಲಿ.”

ನನ್ನನ್ನು ಕೋಣೆಗೆ ತಳ್ಳಿ ಬೀಗ ಹಾಕಿದ. ಅಜ್ಜಿಯನ್ನು ಮಗ ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಹೋದ.

ಮರುವರ್ಷ ಬೇರೆ ದಾನಿಯ ದುಡ್ಡು ಬಂತು. ಎರಡನೆಯ ಕುರ್ಚಿ ಬರಲಿಲ್ಲ. ನನ್ನನ್ನೇ ಒರೆಸಿ ಪೆರಿಯಸಾಮಿಗೆ ಕೊಡಿಸಿದರು. ದಿನಾ ಕಾಲುವೆಯ ತನಕ ನಡೆದು ಬರುವ ಮನುಷ್ಯ!

“ಕಾಲು ಸ್ವಲ್ಪ ಸೊಟ್ಟ ಇಟ್ಕೋ ತಾತಾ,” ಎಂದ ಶೇಖರಗೌಡ.

ಫೋಟೋ ಆಯಿತು. ಮತ್ತೆ ಬೀಗ ಬಿತ್ತು.

ಮೂರನೆಯ ಸಲ ಪುನಃ ಚಾರುಬಾಲಾ. “ಬಡಕಲು ಅದಾಳ, ಫೋಟೋದಾಗ ಚಲೋ ಕಾಣ್ತಾಳ,” ಎಂದು ಆಕೆಯ ಎದುರಿಗೇ ಹೇಳಿದ. ಅಂದು ಅವನಿಗೆ ಗಡಿಬಿಡಿ. ಅತಿಥಿಗಳು ಪಕ್ಕದಲ್ಲೇ ಚಹಾ ಕುಡಿಯುತ್ತಿದ್ದರೂ ಬಗ್ಗಿ, “ಏಳಬೇ,” ಎಂದ.

ಆಕೆ ನನ್ನ ಬ್ರೇಕ್ ಎಳೆದಳು. “ಏಳಂಗಿಲ್ಲ.”

“ನಾಳೆ ಬ್ಯಾರೆ ಕಾರ್ಯಕ್ರಮ ಐತಬೇ!”

“ಅದಕ್ಕ ನೀನ ಕುಂದ್ರು. ಹಾರ ನಿನಗ ಒಪ್ಪತೈತಿ.”

ಅತಿಥಿಗಳು ತಿರುಗಿ ನೋಡಿದರು. ಶೇಖರಗೌಡ ಹಲ್ಲು ಬಿಟ್ಟ. “ನಗಚಾಟಿಗಿ ಮಾಡ್ತಾಳ್ರೀ ಅಜ್ಜಿ.”

“ನಗಚಾಟಿಗಿ ಅಲ್ರೀ,” ಎಂದ ಪೆರಿಯಸಾಮಿ. “ಹ್ವಾದ ವರ್ಷ ಇದ ಕುರ್ಚಿ ನನಗೂ ಕೊಟ್ಟಿದ್ರು. ಅದಕ್ಕೂ ಮೊದ್ಲು ಈಕಿಗೇ ಕೊಟ್ಟಿದ್ರು.”

ಯಾರೂ ಚಹಾದ ಕಪ್ಪು ಕೆಳಗಿಡಲಿಲ್ಲ. ಪೆರಿಯಸಾಮಿಯೇ ಬಂದು ಬ್ರೇಕ್ ಬಿಚ್ಚಿ, ಅವರೆಲ್ಲರ ನಡುವೆ ಹಾದು, ಆಕೆಯನ್ನು ಮನೆಯ ತನಕ ತಳ್ಳಿಕೊಂಡು ಹೋದ. ಮರುದಿನ ಬೆಳಿಗ್ಗೆ ಆಕೆ ನನ್ನ ಮೇಲೇ ಕೂತು ಇಸ್ಪೀಟಿಗೆ ಬಂದಳು.

ಆಕೆ ತೀರಿಕೊಂಡ ಮೇಲೆ ಇನ್ನೊಬ್ಬರು, ಅವರ ನಂತರ ಮತ್ತೊಬ್ಬರು ನನ್ನ ಮೇಲೆ ಕೂತರು. ಈಗ ನನ್ನ ಒಂದು ಗಾಲಿ ತಿರುಗುವುದಿಲ್ಲ. ಬೇವಿನ ಮರದ ಕೆಳಗೆ ನಿಂತಿದ್ದೇನೆ. ಕೋಪ ಮಾತ್ರ ಇಳಿದಿಲ್ಲ. ಜಾಲಿ ಕಡಿದು, ನೆಲ ಹದಮಾಡಿ, ಭತ್ತ ಬೆಳೆದ ಈ ಕ್ಯಾಂಪಿನವರನ್ನು ಇಂದಿಗೂ ಭಿಕ್ಷೆಗೆ ಬಂದವರಂತೆ ವೇದಿಕೆಯ ಮೇಲೆ ಸಾಲಾಗಿ ಕೂರಿಸುತ್ತಾರೆ.

ನನ್ನ ಬೆನ್ನಿಗೆ ಒಂದರ ಮೇಲೊಂದರಂತೆ ಮೂವರು ದಾನಿಗಳ ಹೆಸರು ಬಳಿದಿದ್ದರು. ತಳ್ಳಿದವರ ಲುಂಗಿ, ಸೀರೆ ಉಜ್ಜಿ ಉಜ್ಜಿ ಮೂರೂ ಅಳಿಸಿಹೋಗಿವೆ. ಒಳ್ಳೆಯದೇ ಆಯಿತು.